ಒಳಗೆ ಒಣಗುವ ಶರ್ಟುಗಳು

ಅಕ್ಟೋಬರ್ 8, 1979. ಸೋಮವಾರ

ಫ್ಯಾಕ್ಟರೀಲಿ ಇವತ್ತೂ ಶರ್ಟಿನ ಕಾಲರೇ. ಬೆಳಿಗ್ಗೆಯಿಂದ ಹೊಲಿದು ಹೊಲಿದು, ಕಣ್ಣು ಮುಚ್ಚಿದರೂ ಕಾಲರ್ ಕಾಣತ್ತೆ. ಸೂಪರ್‌ವೈಸರ್‌ಗೆ ಹಲ್ಲುನೋವಂತೆ, ಎಲ್ಲರ ಮೇಲೂ ಹಾರಾಡಿದಳು. ನಾನೂ ಬಿಡಲಿಲ್ಲ — "ಹಲ್ಲು ಕೀಳಿಸ್ಕೊಳ್ಳಿ ಮೇಡಂ, ನಮ್ಮ ಪ್ರಾಣ ಯಾಕೆ ಕೀಳ್ತೀರಿ?" ಇಡೀ ಸಾಲು ಗೊಳ್ಳೆಂದಿತು. ನನ್ನ ಬಾಯಿಗೆ ಬೀಗ ಇಲ್ಲ ಅಂತ ಅಮ್ಮ ಬಯ್ಯೋದು ಇದಕ್ಕೇ.

ಅಮ್ಮನ ಎದೆ ಹಾಗೇ ಇದೆ. ಗೊರ ಗೊರ. ಮಧ್ಯಾಹ್ನ ಪಕ್ಕದ ಮನೆ ಹೇಝೆಲ್ ಬಾರ್ಲಿ ಸೂಪ್ ತಂದು ಕುಡಿಸಿದಾರೆ. ಹಾಸಿಗೆ ಬಟ್ಟೆ ತಮ್ಮ ಮೆಷಿನ್ನಿಗೇ ಹಾಕಿ ಒಗೆದು ನಮ್ಮ ಹಿತ್ತಲ ತಂತಿ ಮೇಲೆ ಹರವಿದಾರೆ. ಎರಡು ವರ್ಷದಿಂದ ಹೀಗೇ. ಬೇಡ ಅಂದರೆ ಮುಖ ಊದಿಸ್ಕೋತಾರೆ. ನಮ್ಮ ಈ ಕ್ಯಾಥೊಲಿಕ್ ಬೀದೀಲಿ ಉಳಿದಿರೋ ಪ್ರಾಟೆಸ್ಟೆಂಟ್ ಮನೆ ಅದೊಂದೇ. ಮಿಕ್ಕವರೆಲ್ಲ ಗಂಟುಮೂಟೆ ಕಟ್ಟಿ ನದಿಯಾಚೆ, ಅವರ ಜನ ಇರೋ ಕಡೆ ಹೋದರು. ಹೇಝೆಲ್ ಹೋಗಲ್ಲ. "ನನ್ನ ಗುಲಾಬಿ ಗಿಡಕ್ಕೆ ನೀರು ಯಾರು ಹಾಕ್ತಾರೆ, ನಿಮ್ಮ ಪೋಪಾ?" ಅಂತಾರೆ. ಅಮ್ಮ ಕೆಮ್ಮು ಬರೋವರೆಗೂ ನಗ್ತಾಳೆ. ಗಂಡ ನಾರ್ಮನ್ ಮಾತು ಕಮ್ಮಿ. ಟೈರ್ ಫ್ಯಾಕ್ಟರಿ ಮುಚ್ಚಿದ ಮೇಲೆ ನೀರಿನ ಪಂಪ್‌ಹೌಸಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ಹೊರಡ್ತಾರೆ.

ಜೈಲಿಂದ ಯೂಜೀನ್‌ನ ಭೇಟಿ ಚೀಟಿ ಬಂತು. ಇಪ್ಪತ್ತನೇ ತಾರೀಕು. ಸದ್ಯ, ಈ ತಿಂಗಳು ಒಪ್ಕೊಂಡಿದಾನೆ. ಭೇಟಿ ಬೇಕಂದ್ರೆ ಜೈಲಿನ ಬಟ್ಟೆ ಹಾಕ್ಕೋಬೇಕು. ಕಳ್ಳರ ಬಟ್ಟೆ ನಮಗ್ಯಾಕೆ, ನಾವು ಬ್ರಿಟಿಷರ ಮೇಲೆ ಬಂದೂಕು ಹಿಡಿದ ಯುದ್ಧದ ಕೈದಿಗಳು ಅಂತ ಹಟ ಹಿಡಿದು ಇವನೂ ಇವನ ಜತೆಯವರೂ ಕಂಬಳಿ ಸುತ್ಕೊಂಡು ಕೂತಿದಾರೆ. ಸಾಕಿ ಬೆಳೆಸಿದ ತಮ್ಮ. ಚಳಿ ಅಂದ್ರೆ ಅಳ್ತಿದ್ದ ಮಗು.

ಅಕ್ಟೋಬರ್ 11, ಗುರುವಾರ

ಕರೆಂಟ್ ಹೋಗಿ ಫ್ಯಾಕ್ಟರಿ ಬೇಗ ಬಿಟ್ಟಿತು. ಒಳ್ಳೇ ಬಿಸಿಲು, ಗಾಳಿ. ಇಂಥ ದಿನ ಕಂಬಳಿನೂ ಒಂದು ತಾಸಲ್ಲಿ ಒಣಗತ್ತೆ. ಸೂಪಿನ ಪಾತ್ರೆ ವಾಪಸ್ ಕೊಡೋಣ ಅಂತ ಹೇಝೆಲ್ ಮನೆ ಹಿಂಬಾಗಿಲು ತಳ್ಳಿದೆ. ಕೂಗೋದು ಮರೆತೆ.

ಬೆಂಕಿ ಮುಂದೆ ಕುರ್ಚಿ ಇಟ್ಟು ಶರ್ಟು ಒಣಗ್ಹಾಕಿದಾರೆ. ತಿಳಿ ನೀಲಿ. ಹೊಗೆ ಥರ ಆವಿ ಏಳ್ತಿದೆ. ಹೊರಗೆ ತಂತಿ ಮೇಲೆ ಬರೀ ಟವೆಲ್ಲು!

ಹೆಗಲ ಮೇಲೆ ಪಟ್ಟಿ ಸಿಗಿಸೋ ಕುಣಿಕೆ. ಜೇಬಿನ ಮುಚ್ಚಳಕ್ಕೆ ಜೋಡಿ ಹೊಲಿಗೆ. ನನಗೆ ಗೊತ್ತಾಗದೇ ಇರತ್ತಾ? ನಮ್ಮ ಫ್ಯಾಕ್ಟರಿಯ ಮೇಲಿನ ಮಹಡೀಲಿ ಹೊಲಿಯೋದೇ ಅದು. ಹಸಿರು ಪೊಲೀಸಿಗೆ, ಈ ನೀಲಿ ಜೈಲಿಗೆ. ಊರಿನ ಅರ್ಧ ಹೆಂಗಸರಿಗೆ ಗೊತ್ತು.

ಹೇಝೆಲ್ ಓಡಿ ಬಂದು ಕುರ್ಚಿಗೆ ಅಡ್ಡ ನಿಂತರು. "ನಾರ್ಮನ್‌ದು... ಬ್ಯಾಂಡಿಗೆ ಸೇರಿದಾರೆ."

"ಓ, ಚೆನ್ನಾಗಿದೆ," ಅಂದೆ. ನಾರ್ಮನ್‌ಗೆ ಸೀಟಿ ಊದೋಕೂ ಬರಲ್ಲ.

ಪಂಪ್‌ಹೌಸ್ ಅಂತೆ, ಪಂಪ್‌ಹೌಸ್! ನನ್ನ ತಮ್ಮನ ಬಾಗಿಲಿಗೆ ಬೀಗ ಜಡಿಯೋ ಕೈ ಇದು. ಮಾರ್ಚಿನಲ್ಲಿ ಅಮ್ಮನಿಗೆ ಉಸಿರು ಕಟ್ಟಿದಾಗ ಎತ್ಕೊಂಡು ಕಾರಲ್ಲಿ ಮಲಗಿಸಿದ್ದೂ ಇದೇ ಕೈ. ಸಿಟ್ಟು ಬರಲಿ ಅಂತ ಕಾದೆ. ಬರಲಿಲ್ಲ. ಹೇಝೆಲ್ ಮುಖ ಸುಣ್ಣವಾಗಿದ್ದೇ ಕಣ್ಮುಂದೆ. ನನಗ್ಯಾಕೆ ಊರ ಉಸಾಬರಿ. ನಾನು ಏನೂ ನೋಡಿಲ್ಲ.

ಅಕ್ಟೋಬರ್ 20, ಶನಿವಾರ. ಸಂಜೆ

ಒಂದೊಂದಾಗಿ ಬರೀತೀನಿ.

ಬಸ್ಸು. ಗೇಟು. ಆಮೇಲೆ ಇನ್ನೊಂದು ಗೇಟು. ಹೆಂಗಸು ವಾರ್ಡರ್ ಬಾಯಿ ತೆರೆಸಿ ಟಾರ್ಚ್ ಬಿಟ್ಟಳು. "ಅಲ್ಲಿ ನಾಲಿಗೆ ಒಂದೇ ಇರೋದು," ಅಂದೆ. ನಗಲಿಲ್ಲ.

ಯೂಜೀನ್ ಬಂದ. ಗಡ್ಡ ಎದೆವರೆಗೆ. ಅದೇ ಹಟಕ್ಕೆ ಅವರೆಲ್ಲ ಸ್ನಾನ ಬಿಟ್ಟು ವರ್ಷದ ಮೇಲಾಯ್ತು, ಆ ವಾಸನೆ... ಭೇಟಿಗೋಸ್ಕರ ಹಾಕ್ಕೊಂಡಿದ್ದ ಜೈಲಿನ ಕೋಟು, ಸೆಲ್ಲಿಗೆ ವಾಪಸ್ ಹೋದ ತಕ್ಷಣ ಕಿತ್ತೆಸೀತಾನೆ. ಕೋಟಿನೊಳಗೆ ಹುಡುಗ ಎಲ್ಲಿದಾನೆ ಅಂತ ಹುಡುಕಬೇಕು. ಅಮ್ಮನ ಎದೆ ವಿಷಯ ಹೇಳಿದೆ. ಚಳಿ ವಿಷಯ. ವಾರ್ಡರ್ ಒಬ್ಬ ಬೆನ್ನ ಹಿಂದೆಯೇ ನಿಂತಿದ್ದ.

ಯೂಜೀನ್ ಇದ್ದಕ್ಕಿದ್ದಂತೆ ಐರಿಷ್‌ನಲ್ಲಿ ಶುರು ಮಾಡಿದ. ಒಳಗೆ ಕಲೀತಿದಾರಂತೆ, ಗೋಡೆಯಿಂದ ಗೋಡೆಗೆ ಕೂಗಾಡಿ ಪಾಠ. ವಾರ್ಡರ್ "ಇಂಗ್ಲಿಷ್, ಇಂಗ್ಲಿಷ್" ಅಂತ ಗದರಿದ. ಆಮೇಲೆ ಅವನಿಗೂ ಬೇಜಾರಾಗಿ ಬಿಟ್ಟ. ನನಗೆ ಖುಷಿಯೋ ಖುಷಿ. ಸ್ಕೂಲು ಬಿಟ್ಟು ಇಪ್ಪತ್ತು ವರ್ಷ ಆದರೂ ಸಿಸ್ಟರ್ ಅಲ್ಫೋನ್ಸಸ್ ಬೆತ್ತದಲ್ಲಿ ಬಾರಿಸಿ ಕಲಿಸಿದ್ದು ಹೋಗಿಲ್ಲ! ಏನು ಹೇಳಲಿ ಅಂತ ಹುಡುಕಿದೆ. ಅವನು ನಗಬೇಕಿತ್ತು. ಒಂದೇ ಒಂದು ಸಲ. ಬಿಸಿಲು, ಬೆಂಕಿ, ಶರ್ಟು, ಹೆಗಲು — ಈ ಪದಗಳೆಲ್ಲ ಬರ್ತವೆ. ಹೇಳಿಬಿಟ್ಟೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಶರ್ಟುಗಳಿಗೆ ಬಿಸಿಲು ಕಂಡರೆ ನಾಚಿಕೆ, ಬೆಂಕಿಯ ಮುಂದೆ ಕೂರುತ್ತವೆ, ಹೆಗಲ ಮೇಲೆ ಕುಣಿಕೆ ಬೇರೆ ಇದೆ.

ನಕ್ಕ. ಹಲ್ಲು ಕಾಣೋ ಹಾಗೆ. ಆಮೇಲೆ ನಿಧಾನವಾಗಿ ಕೇಳಿದ — ಆ ಮನುಷ್ಯನ ಮನೆ ಎಲ್ಲಿದೆ?

ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಪೂರ್ತಿ ವಾಕ್ಯದಲ್ಲಿ ಉತ್ತರಿಸಬೇಕು, ಸಿಸ್ಟರ್ ಹಾಗೇ ಹೇಳ್ತಿದ್ದರು. ಆ ಮನುಷ್ಯನ ಮನೆ ನಮ್ಮ ಮನೆಯ ಪಕ್ಕದಲ್ಲಿದೆ.

ಅವನ ಕಾರಿನ ಬಣ್ಣ ಯಾವುದು? ಅವನ ಕಾರಿನ ಬಣ್ಣ ಕಂದು.

ಅವನು ಎಷ್ಟು ಗಂಟೆಗೆ ಮನೆಯಿಂದ ಹೊರಡುತ್ತಾನೆ? ಅವನು ಬೆಳಿಗ್ಗೆ ಆರು ಗಂಟೆಗೆ ಮನೆಯಿಂದ ಹೊರಡುತ್ತಾನೆ.

ಒಂದು ತಪ್ಪೂ ಇಲ್ಲ. "ಶಭಾಷ್ ಡಿಂಪ್ನಾ," ಅಂದ. ನಾನು ಹಿಗ್ಗಿದೆ. ದೇವರೇ, ಹಿಗ್ಗಿದೆ!

ಬಸ್ಸು ಊರ ಹತ್ತಿರ ಬಂದಾಗ ಹೊಳೀತು, ಯಾರ ಬಾಗಿಲು ತೋರಿಸಿಬಿಟ್ಟೆ ಅಂತ. ಪಕ್ಕದ ಸೀಟಿನವಳು ಹುಷಾರಿಲ್ವಾ ಅಂತ ಕೇಳಿದಳು.

ಅಕ್ಟೋಬರ್ 21, ಭಾನುವಾರ

ಪೂಜೆಗೆ ಹೋದೆ. ಪರಮಪ್ರಸಾದ ತಗೊಳ್ಳಲಿಲ್ಲ. ಯೂಜೀನ್ ಸುಮ್ಮನೆ ಕೇಳಿರ್ತಾನೆ. ಪಾಠದ ಪ್ರಶ್ನೆಗಳೇ ಅವು, ಎಲ್ಲ ಪುಸ್ತಕದಲ್ಲೂ ಇರತ್ತೆ. ಕಾರಿನ ಬಣ್ಣ, ಗಂಟೆ ಎಷ್ಟು.

ಸುಮ್ಮನೆ ಕೇಳಿರ್ತಾನೆ.

ಅಕ್ಟೋಬರ್ 29, ಸೋಮವಾರ

ನಾರ್ಮನ್ ಬಂದು ಅಮ್ಮನ ಕಿಟಕಿ ಸಂದಿಗೆ ಬಟ್ಟೆ ತುರುಕಿ ಗಾಳಿ ಬಾರದ ಹಾಗೆ ಮಾಡಿಕೊಟ್ಟರು. "ಚಳಿ ಶುರುವಾಯ್ತು, ಅಮ್ಮನ್ನ ಬೆಚ್ಚಗಿಡು," ಅಂದರು. ಟೀ ಮಾಡಿ ಕೊಟ್ಟೆ. ಕಪ್ಪು ಹಿಡಿದ ಕೈಯನ್ನೇ ನೋಡ್ತಿದ್ದೆ. ಏನು ನೋಡ್ತಿದೀಯ ಅಂತ ಕೇಳಿದರು. ಉಗುರಲ್ಲಿ ಬಣ್ಣ ಇದೆ ಅಂದೆ. ಒಳಗೆ ಹೋಗಿ ಮುಖ ತೊಳ್ಕೊಂಡು ಬಂದೆ.

ನವೆಂಬರ್ 5, ಸೋಮವಾರ

ಸಂಜೆ ಬಾಗಿಲು ತಟ್ಟಿದ ಸದ್ದು. ನಲವತ್ತು ದಾಟಿದ ಗಂಡಸು, ಟೊಪ್ಪಿ ಕೈಯಲ್ಲಿ. ಮೇಷ್ಟ್ರು ಅಂದುಕೊಂಡೆ.

"ಯೂಜೀನ್ ವಿಚಾರಿಸಿದ ಅಂತ ಅಮ್ಮನಿಗೆ ಹೇಳಮ್ಮ. ಅವರು ಮಲಗೋದು ಬೀದಿ ಕಡೆ ರೂಮಲ್ಲಲ್ವಾ?"

ಹೂಂ ಅಂದೆ.

"ನೋಡಮ್ಮ, ಬುಧವಾರ ರಾತ್ರಿ ಹಿಂದಿನ ರೂಮಲ್ಲಿ ಮಲಗಿಸಿಬಿಡು. ಗುರುವಾರ ಬೆಳಿಗ್ಗೆ ಗಾಜು ಗೀಜು ಒಡೀಬಹುದು. ವಯಸ್ಸಾದವರಿಗೆ ತೊಂದರೆ ಯಾಕೆ."

ಬಂದೂಕಿನ ಹುಡುಗರ ಕಡೆಯವನು. "ಬೇಡ," ಅಂದೆ. "ಅವರು ಒಳ್ಳೆಯವರು. ದಿನಾ ಅಮ್ಮನ್ನ ನೋಡ್ಕೊಳ್ಳೋದು ಆ ಮನೆಯವರೇ."

"ಇರಬಹುದು. ಅಲ್ಲಿ ನಿನ್ನ ತಮ್ಮನ್ನೂ ಅವರೇ ನೋಡ್ಕೊಳ್ಳೋದು." ಟೊಪ್ಪಿ ಹಾಕ್ಕೊಂಡ. "ನಾನು ಬಂದಿಲ್ಲ, ನೀನು ನನ್ನ ನೋಡಿಲ್ಲ. ಆಯ್ತಾ ತಾಯಿ?"

ಆಯ್ತು ಅಂದೆ. ಬಾಯಿಗೆ ಬೀಗ ಇಲ್ಲದವಳು, ಆಯ್ತು ಅಂದೆ.

ನವೆಂಬರ್ 6, ಮಂಗಳವಾರ

ಹೇಝೆಲ್ ಮನೆಗೆ ಹೋದೆ. ಹೇಳೋಕೇ ಹೋದೆ. ಹಿಟ್ಟು ನಾದ್ತಿದ್ದರು. "ಏನೇ, ದೆವ್ವ ನೋಡಿದ ಹಾಗಿದೀಯಾ?" ಅಂದರು. ಒಂದು ಬಟ್ಟಲು ಸಕ್ಕರೆ ಕೇಳಿ ಇಸ್ಕೊಂಡು ಬಂದೆ. ಮನೇಲಿ ಡಬ್ಬಿ ತುಂಬ ಸಕ್ಕರೆ ಇದೆ.

ಭಯ. ಬೇರೇನೂ ಅಲ್ಲ. ಚಾಡಿ ಹೇಳಿದವರು ಗಡಿ ರಸ್ತೆ ಪಕ್ಕ ತಲೆಗೆ ಚೀಲ ಹಾಕಿದ ಹೆಣವಾಗಿ ಸಿಗ್ತಾರೆ. ಯೂಜೀನ್? ಚಾಡಿಕೋರಿಯ ತಮ್ಮ ಅಂತ ಒಳಗೆ ಅವನನ್ನ ಏನು ಮಾಡ್ತಾರೋ. ಪೊಲೀಸಿಗೆ ಫೋನ್ ಮಾಡೋಣ ಅಂದ್ರೆ ಬೂತ್ ಇರೋದು ಹೆಂಡದಂಗಡಿ ಎದುರು. ನನ್ನ ದನಿ ಗೊತ್ತಿಲ್ಲದವರು ಈ ಊರಲ್ಲಿ ಯಾರಿದಾರೆ.

ಆದರೆ ಒಂದು ಹೊಳೆದಿದೆ. ಮಧ್ಯಾಹ್ನ ಫ್ಯಾಕ್ಟರಿಯ ಮೇಲಿನ ಮಹಡಿಗೆ ದಾರದ ನೆಪ ಮಾಡಿ ಹೋದೆ. ಒಂದು ನೀಲಿ ಶರ್ಟು ಕೋಟಿನೊಳಗೆ ಸೇರಿಸಿಕೊಂಡು ಬಂದೆ. ಹೇಝೆಲ್ ಬೆಳಿಗ್ಗೆ ಒಗೆದ ಅಮ್ಮನ ಹಾಸಿಗೆ ಬಟ್ಟೆ ಇನ್ನೂ ಹಸಿ ಇದೆ, ತಂತಿ ಮೇಲೇ ಬಿಟ್ಟಿದೀನಿ. ನಾಳೆ ಹೊತ್ತು ಮೂಡೋ ಮುಂಚೆ ಅದರ ನಡುವೆ ಈ ಶರ್ಟು ನೇತು ಹಾಕ್ತೀನಿ. ಅವರ ಅಡುಗೆಮನೆ ಕಿಟಕಿಗೆ ನೇರ. ಜೈಲಿನ ಶರ್ಟು, ಬಯಲಲ್ಲಿ, ಕ್ಯಾಥೊಲಿಕ್ ಮನೆ ತಂತಿ ಮೇಲೆ. ನಮಗೆ ಗೊತ್ತು, ಎಲ್ಲರಿಗೂ ಗೊತ್ತಾಗಿದೆ, ಓಡಿ — ಅಂತ ಅದೇ ಹೇಳತ್ತೆ. ನಾನು ಬಾಯಿ ತೆರೆದಿಲ್ಲ ಅಂತಲೂ ಆಯಿತು. ಎಷ್ಟು ಜಾಣೆ ನಾನು.

ನವೆಂಬರ್ 7, ಬುಧವಾರ. ಸಂಜೆ

ಫ್ಯಾಕ್ಟರಿಯಿಂದ ಓಡಿ ಬಂದೆ. ತಂತಿ ಖಾಲಿ! ಹಾಸಿಗೆ ಬಟ್ಟೆ ಮಡಚಿ ಅಮ್ಮನ ಕಾಲ ಬಳಿ ಇದೆ. ಶರ್ಟು ಇಲ್ಲ. ಹೇಝೆಲ್ ತಗೊಂಡು ಹೋಗಿದಾರೆ.

"ಇವತ್ತು ಹೇಝೆಲ್ ಯಾಕೋ ಸಪ್ಪಗಿದ್ದಳು," ಅಂದಳು ಅಮ್ಮ. "ಒಂದು ಜೋಕೂ ಹೊಡೀಲಿಲ್ಲ. ಸೂಪ್ ಕುಡಿಸೋದೂ ಮರೆತಳು ಕಣೇ."

ಗೊತ್ತಾಗಿದೆ. ಗೊತ್ತಾಗಿದೆ! ಇಷ್ಟು ಹೊತ್ತಿಗೆ ನಾರ್ಮನ್‌ಗೂ ಹೇಳಿರ್ತಾರೆ. ಇವತ್ತೇ ಎಲ್ಲಾದರೂ ಹೊರಟುಬಿಡ್ತಾರೆ. ಮಂಡಿಯೂರಿ ಕೂತು ಅತ್ತೆ. ಹೊಟ್ಟೆ ತುಂಬ ಉಂಡೆ, ಎಷ್ಟೋ ದಿನದ ಮೇಲೆ.

ಅಮ್ಮನ್ನ ಹಿಂದಿನ ರೂಮಲ್ಲಿ ಮಲಗಿಸಿದೆ. ಗಾಳಿ ಜಾಸ್ತಿ ಅಂತ ಹೇಳಿದೆ.

ನವೆಂಬರ್ 8

ಬಾಂಬನ್ನ ನಾರ್ಮನ್ ಕಾರಿನ ಕೆಳಗೆ ಇಟ್ಟಿದ್ದರು.

ಬೀದಿ ಕಡೆಯ ಕಿಟಕಿಗಳೆಲ್ಲ ಹೋದವು. ಅಮ್ಮನ ಖಾಲಿ ಹಾಸಿಗೆ ತುಂಬ ಗಾಜು. "ಏನು ಪುಣ್ಯವೋ, ಇವತ್ತೇ ಇಲ್ಲಿ ಮಲಗಿಸಿದೀಯಲ್ಲ," ಅಂತಾಳೆ.

ಅವರು ಓಡಿಹೋಗಿರ್ತಾರೆ ಅಂತ ನಾನು ನಿಜವಾಗಿ ನಂಬಿದ್ದರೆ ಅಮ್ಮನ್ನ ಯಾಕೆ ಹಿಂದೆ ಮಲಗಿಸಿದೆ?

ನವೆಂಬರ್ 14, ಬುಧವಾರ

ಮೊನ್ನೆ ನಾರ್ಮನ್ ಅವರನ್ನ ಮಣ್ಣು ಮಾಡಿದರು. ನಮ್ಮ ಕಡೆಯವರು ಯಾರೂ ಹೋಗಲಿಲ್ಲ. ನಾನು ರಸ್ತೆ ಆಚೆ ನಿಂತಿದ್ದೆ. ಶವಪೆಟ್ಟಿಗೆ ಮೇಲೆ ಸಮವಸ್ತ್ರದ ಟೊಪ್ಪಿ, ಕೈಗವಸು. ಹೇಝೆಲ್, ನಾರ್ಮನ್ ಮನೆಯವರ ಹಿಂದೆ ಒಬ್ಬರೇ ನಡೀತಿದ್ದರು. ಹೆಂಡತಿ ಹಿಂದಿನ ಸಾಲಿನಲ್ಲಿ. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಇವತ್ತು ಕರೆದರು. "ಒಳಗೆ ಬಾರೇ. ಈ ಬೀದೀಲಿ ನೀನೊಬ್ಬಳೇ ಬಂದು ನಿಂತಿದ್ದು."

ಟೀ ಮಾಡಿದರು. ಕುಡೀಲಿಲ್ಲ. ಬೆಂಕಿ ಇಲ್ಲದ ಒಲೆ ನೋಡ್ತಾ ಹೇಳಿದರು. "ಡಿಂಪ್ನಾ, ಅವರನ್ನ ಕೊಂದಿದ್ದು ನಾನೇ ಕಣೇ."

ಏನು ಮಾತು ಅಂತ ಆಡ್ತೀರಿ ಅಂದೆ.

"ಪಂಪ್‌ಹೌಸ್ ಸುಳ್ಳು. ನಿನಗೆ ಹೇಳೋ ಹಾಗಿರಲಿಲ್ಲ, ಕ್ಷಮಿಸು. ಅವರ ಶರ್ಟು ಹೊರಗೆ ಒಣಗ್ಹಾಕಬೇಡ ಅಂತ ಎಷ್ಟು ಸಲ ಹೇಳಿದ್ದರು. ಎರಡು ವರ್ಷ ಎಲ್ಲಾ ಒಳಗೇ ಒಣಗಿಸಿದೀನಿ. ಆ ಮಂಗಳವಾರ ನಿಮ್ಮಮ್ಮನ ಬಟ್ಟೆ ಜತೆ ಮೆಷಿನ್ನಿಗೆ ಹಾಕಿದ್ದೆ. ಒಂದು ಶರ್ಟು ಹಾಸಿಗೆ ಬಟ್ಟೆ ಜತೆ ಸೇರಿ ನಿಮ್ಮ ತಂತಿಗೆ ಹೋಗಿಬಿಟ್ಟಿದೆ. ನನ್ನ ಕೈಯಾರೆ ಹಾಕಿದೀನಿ, ನೋಡೇ ಇಲ್ಲ! ಮಾರನೇ ದಿನ ಮಧ್ಯಾಹ್ನ ಬಟ್ಟೆ ತೆಗೆಯೋಕೆ ಬಂದಾಗ ಕಂಡಿತು. ಎರಡು ದಿನ, ಬೀದಿಯೋರ ಕಣ್ಣೆದುರು. ಯಾರೋ ನೋಡಿಬಿಟ್ಟರು."

"ನಾರ್ಮನ್‌ಗೆ ಹೇಳಿದ್ರಾ?" ದನಿ ನನ್ನದು ಅನ್ನಿಸಲಿಲ್ಲ.

"ಹೇಳಲಿಲ್ಲ. ಬಯ್ತಾರೆ ಅಂತ ಬಚ್ಚಿಟ್ಟೆ. ಬೈಸ್ಕೊಂಡಿದ್ರೆ ಬದುಕಿರ್ತಿದ್ದರು." ಪೊಲೀಸಿಗೂ ನಾರ್ಮನ್ ಅಣ್ಣನಿಗೂ ತಾವೇ ಬಾಯಿಬಿಟ್ಟು ಹೇಳಿದಾರೆ. ಅವತ್ತಿನಿಂದ ಆತ ಇವರ ಮುಖ ನೋಡ್ತಿಲ್ಲ. ತಮ್ಮನ್ನ ತಿಂದ್ಕೊಂಡೋಳು ಅಂದನಂತೆ.

ಆಗಲೇ ಹೇಳಬೇಕಿತ್ತು. ಕೈ ಹಿಡ್ಕೊಂಡು ಕೂತೆ. ಎಷ್ಟು ಒಳ್ಳೆಯವಳು ನೀನು ಅಂದರು.

ನವೆಂಬರ್ 24, ಶನಿವಾರ

ಜೈಲಿಗೆ ಹೋದೆ. ಹೋಗಬಾರದು ಅಂದ್ಕೊಂಡೇ ಹೋದೆ.

ಯೂಜೀನ್ ಮುಖ ಒಂದು ಕಡೆ ಊದಿ ಕಣ್ಣು ಮುಚ್ಚಿಹೋಗಿದೆ. ನಾರ್ಮನ್ ಸತ್ತ ದಿನ ವಾರ್ಡರುಗಳು ಸಾಲಾಗಿ ಬಂದು ಪ್ರತಿ ಬಾಗಿಲು ತೆಗೆದು ಹೊಡೆದರಂತೆ. "ಬಿದ್ದೆ," ಅಂದ. ಬೆನ್ನ ಹಿಂದೆ ನಿಂತ ವಾರ್ಡರ್ ಗೋಡೆ ನೋಡ್ತಿದ್ದ. ಅವನ ಕಣ್ಣೂ ಕೆಂಪಗಿತ್ತು. ಅವನ ಶರ್ಟೂ ಯಾವಳೋ ಒಳಗೆ ಒಣಗಿಸಿದ್ದು.

ಇಂಗ್ಲಿಷ್‌ನಲ್ಲೇ ಮಾತಾಡಿದೆ. "ನಗಲಿ ಅಂತ ಹೇಳಿದ್ದು ಕಣೋ. ನೀನು ನಗಲಿ ಅಂತ."

"ನಾನು ಮುಂದಕ್ಕೆ ಹೇಳಿದೆ ಅಷ್ಟೇ. ನಾನಲ್ಲ ಮಾಡಿದ್ದು."

"ನಾನೂ ಮುಂದಕ್ಕೆ ಹೇಳಿದ್ದಷ್ಟೇ."

ಆಮೇಲೆ, ವಿಷಯ ಬದಲಿಸೋಕೋ ಏನೋ, "ಈಗ ಮಧ್ಯಾಹ್ನ ಅಮ್ಮನ್ನ ಯಾರು ನೋಡ್ಕೋತಾರೆ?" ಅಂದ.

"ಹೇಝೆಲ್," ಅಂದೆ. "ದಿನಾ ಬರ್ತಾರೆ. ಸೂಪ್ ಕುಡಿಸ್ತಾರೆ. ಕೈ ಸುಮ್ಮನಿದ್ರೆ ಹುಚ್ಚು ಹಿಡಿಯತ್ತಂತೆ."

ತಲೆ ಮೇಜಿನ ಮೇಲೆ ಇಟ್ಟ. ಅವನ ಕೂದಲು ಮುಟ್ಟೋಕೆ ಹೋದೆ. ಮುಟ್ಟೋ ಹಾಗಿಲ್ಲ ಅಂದ ವಾರ್ಡರ್. ಇವನನ್ನ ದ್ವೇಷಿಸೋಣ ಅಂತ ದಾರಿಯುದ್ದಕ್ಕೂ ಪ್ರಯತ್ನ ಪಟ್ಟೆ. ಆಗಲಿಲ್ಲ. ನನ್ನನ್ನ ದ್ವೇಷಿಸೋದು ಸುಲಭ.

ನವೆಂಬರ್ 28, ಬುಧವಾರ

ಹೇಝೆಲ್ ಹೋಗ್ತಾರಂತೆ. ಸ್ಕಾಟ್ಲೆಂಡಿನಲ್ಲಿ ತಂಗಿ ಇದಾಳೆ. ಶನಿವಾರ ವ್ಯಾನ್ ಬರತ್ತೆ.

ಇವತ್ತು ನಮ್ಮ ಅಡುಗೆಮನೇಲಿ ಕೂತು ಮತ್ತೆ ಅದೇ ಮಾತು. "ರಾತ್ರಿಯೆಲ್ಲ ಆ ತಂತಿನೇ ಕಾಣತ್ತೆ ಕಣೇ. ನೀನು ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ನೋಡಲಿಲ್ವಾ? ನೋಡಿದ್ದರೆ ತೆಗೆದುಹಾಕ್ತಿದ್ದೆ, ಅಲ್ವಾ?"

"ಕತ್ತಲಿತ್ತು," ಅಂದೆ.

ಹಾಳಾದ ನಾಲಿಗೆ. ಬೇಡದ ಕಡೆ ಪೂರ್ತಿ ವಾಕ್ಯ, ಬೇಕಾದಾಗ ಒಂದು ಪದ.

ಯಾರಿಗೆ ಹೆದರ್ತಿದೀನಿ ಈಗ? ಹುಡುಗರಿಗಾ? ಇಲ್ಲ. ಹೇಳಿದ ಮೇಲೆ ಹೇಝೆಲ್ ನನ್ನ ನೋಡ್ತಾರಲ್ಲ, ಆ ನೋಟಕ್ಕೆ. ಅದನ್ನ ತಪ್ಪಿಸ್ಕೊಳ್ಳೋಕೆ ಆ ಹೆಂಗಸನ್ನ ಬದುಕಿರೋವರೆಗೂ ಗಂಡನ ಕೊಂದವಳಾಗಿ ಇರೋಕೆ ಬಿಡ್ತಿದೀನಿ.

ಡಿಸೆಂಬರ್ 1, ಶನಿವಾರ. ಬೆಳಿಗ್ಗೆ

ವ್ಯಾನ್ ಬಂದಿದೆ. ಇಬ್ಬರು ಆಳು ಸೋಫಾ ಎತ್ತಿ ಹಾಕ್ತಿದಾರೆ. ಬಟ್ಟೆ ಒಗೆಯೋ ಮೆಷಿನ್ ಅಮ್ಮನಿಗೆ ಬಿಟ್ಟು ಹೋಗ್ತಾರಂತೆ. ಬೇಡ ಅಂತ ಆಳಿನ ಕೈಲಿ ಹೇಳಿ ಕಳಿಸಿದೆ. "ಹಾಗಂದ್ರೆ ಬಯ್ತೀನಿ ಅಂತ ಹೇಳು," ಅಂದರಂತೆ.

ಹೇಳಲೇಬೇಕು. ಬಾಯಿಗೆ ಬರದೇ ಇದ್ದರೆ ಅಂತ ಮೊದಲು ಇಲ್ಲಿ ಬರೆದು ನೋಡ್ತೀನಿ. ಶುರು ಹೇಗೆ ಮಾಡೋದು? ನಗಿಸೋಕೆ ಹೋದೆ ಅನ್ನೋದರಿಂದಲಾ? ಅದು ನೆಪ ಆಯಿತು. ಜೈಲಿಗೆ ಹೋದಾಗ ಅನ್ನಲಾ? ಯೂಜೀನ್ ಹೆಸರು ಬರತ್ತೆ. ಬರಲಿ. ಬೇಡ, ಬೇಡ, ಶರ್ಟಿಂದಲೇ ಶುರು ಮಾಡ್ತೀನಿ. ಅವರಿಗೆ ಬೇಕಿರೋದು ಅದೊಂದೇ. ಉಳಿದದ್ದು ನನ್ನ ಹಣೆಬರಹ.

ಹಿಂಬಾಗಿಲು ತೆಗೆದ ಸದ್ದು. ಅಮ್ಮ ಕೂಗ್ತಿದಾಳೆ — "ಡಿಂಪ್ನಾ, ಹೇಝೆಲ್ ಬಂದಿದಾಳೆ ಕಣೇ, ಹೋಗಿ ಬರ್ತೀನಿ ಅನ್ನೋಕೆ!"

ಬಂದೆ ಅಂದೆ.

ಹೇಝೆಲ್, ಕೂತ್ಕೊಳ್ಳಿ. ಆ ಶರ್ಟು ನಾರ್ಮನ್‌ದಲ್ಲ. ನೀವು ಅದನ್ನ ತಂತಿಗೆ ಹಾಕಲೇ ಇಲ್ಲ. ಅದನ್ನ ಅಲ್ಲಿ ಹಾಕಿದ್ದು —